ಮಲ್ಲವಿದ್ಯೆಯೂ ಅದರ ಚರಿತ್ರೆಯ ವ್ಯಾಸಂಗವೂ



ಮಠದ ಮಹೋತ್ಸವದ ವೇದಿಕೆಯಲ್ಲಿ ಕುಸ್ತಿಯ ವಿಚಾರವಾಗಿ ಉಪನ್ಯಾಸವೇ ಎಂಬ ಆಕ್ಷೇಪವು ಕೆಲವರ ಮನಸ್ಸಿನಲ್ಲಿ ಹುಟ್ಟಿರಬಹುದು. ಆ ಆಕ್ಷೇಪವನ್ನು ಪೂರ್ವಪಕ್ಷವಾಗಿಟ್ಟುಕೊಂಡೇ ಪ್ರಾರಂಭಿಸುವುದು ಯುಕ್ತ. ಆಟವೆಂಬುದು ಹೊತ್ತು ಕಳೆಯುವ ಸಾಧನ. ಹೊತ್ತು ಕಳೆದ ಬಳಿಕ ಅದೂ ಕಳೆದುಹೋಗುವುದು. ಕಳೆದುಹೋದುದಕ್ಕೆ ಚರಿತ್ರೆಯೆಲ್ಲಿಯದು, ಅದರಲ್ಲಿ ವಿದ್ವಾಂಸನ ಪರಿಶ್ರಮವೇತಕ್ಕೆ ಎಂಬುದು ಪೂರ್ವಪಕ್ಷ. ಇದಕ್ಕೆ ಸಮಾಧಾನವು ಮೈಸೂರಿಗೆ ಅನತಿದೂರದಲ್ಲಿರುವ ಸುತ್ತೂರಿನ ಜಾತ್ರೆಯಲ್ಲಿಯೇ ದೊರೆಯುವುದು. ತೇರು ಎಳೆಯುವ ಆ ಕ್ಷೇತ್ರದಲ್ಲಿಯೇ ನಾಡಕುಸ್ತಿಯ ಕಣವೂ ಸಿದ್ಧವಾಗುತ್ತದೆ. ಅಂತಹ ಕಣವೊಂದರಲ್ಲಿ ಮಣ್ಣನ್ನು ಹದಮಾಡಿದವರು ಯಾರು, ಜೋಡಿ ಕಟ್ಟಿದವರು ಯಾರು, ಬಹುಮಾನವನ್ನು ಕೊಟ್ಟವರು ಯಾರು, ಯಾವ ಕೇರಿಯ ಹುಡುಗನು ಕಣಕ್ಕೆ ಇಳಿದನು, ಯಾವನು ಹೊರಗೆ ನಿಂತು ನೋಡಿದನು ಎಂದು ಕೇಳುತ್ತ ಹೋದರೆ, ಆ ಊರಿನ ಧನ, ಮಾನ, ಕುಲ, ಅಧಿಕಾರಗಳ ವಿಚಾರವೆಲ್ಲವೂ ಒಂದೊಂದಾಗಿ ಹೊರಬರುವುವು. ಜನರು ದುಡಿಯುವಾಗ ಕಾಣದಿರುವ ಎಷ್ಟೋ ಸಂಗತಿಗಳು ಅವರು ಆಡುವಾಗ ಕಾಣುವುವು. ಆದುದರಿಂದ ಆಟದ ಚರಿತ್ರೆಯು ಸಮಾಜದ ಚರಿತ್ರೆಯೇ ಆಗಿರುತ್ತದೆ.

ಇತರ ದೇಶಗಳ ಪಂಡಿತರು ಈ ವ್ಯಾಸಂಗವನ್ನು ಕೈಗೊಂಡು ಬಹುಕಾಲವಾಯಿತು. ಹಾಲೆಂಡ್ ದೇಶದ ಹೊಯ್ಜಿಂಗಾ ಎಂಬ ಚರಿತ್ರಕಾರನು 1938 ರಲ್ಲಿಯೇ, ಮನುಷ್ಯನ ಸಂಸ್ಕೃತಿಗೆ ಆಟವು ಮೂಲಧಾತುಗಳಲ್ಲೊಂದೆಂದು ಗ್ರಂಥ ಬರೆದನು. ವೆಸ್ಟ್ ಇಂಡೀಸಿನ ಸಿ. ಎಲ್. ಆರ್. ಜೇಮ್ಸನು 1963 ರಲ್ಲಿ ಕ್ರಿಕೆಟ್ಟಿನ ನೆಪದಿಂದ ತನ್ನ ನಾಡಿನ ದಾಸ್ಯವನ್ನೂ ಸ್ವಾಭಿಮಾನವನ್ನೂ ವಿವೇಚಿಸಿದನು. ಆದರೆ ಕನ್ನಡಿಗರಿಗೆ ಹತ್ತಿರವಾದ ಉದಾಹರಣೆಯು ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ ಅವರದು. ಅಸ್ಪೃಶ್ಯರೆನಿಸಿಕೊಂಡ ಕುಲದಲ್ಲಿ ಜನಿಸಿದ ಈ ಚೆಂಡೆಸೆತಗಾರರು ಪುಣೆಯ ಯೂರೋಪಿಯನ್ನರ ಮೈದಾನದಲ್ಲಿ ನೆಲ ಸಮಮಾಡುವ ಕೂಲಿಯಿಂದ ಮೇಲೆದ್ದು, 1911 ರಲ್ಲಿ ಇಂಗ್ಲೆಂಡಿಗೆ ಹೋದ ಭಾರತೀಯರ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ಟುಗಳನ್ನು ಪಡೆದರು. ಅವರ ಕೈಯಿಂದ ಬಂದ ಚೆಂಡನ್ನು ಮುಟ್ಟಲು ಹಿಂಜರಿಯದ ಜೊತೆಗಾರರು, ವಿರಾಮಕಾಲದಲ್ಲಿ ಅವರಿಗೆ ಚಹವನ್ನು ಹೊರಗೆ, ಎಸೆಯುವ ಮಣ್ಣಿನ ಪಾತ್ರೆಯಲ್ಲಿ ಕೊಡಿಸುತ್ತಿದ್ದರು. ಅವರನ್ನು ತಂಡದ ನಾಯಕರನ್ನಾಗಿ ಮಾಡಲು ಹಿಂದೂ ಜಿಮಖಾನೆಯು ಒಪ್ಪಲಿಲ್ಲ. ಅವರ ತಮ್ಮಂದಿರಾದ ವಿಠ್ಠಲರಿಗೆ ಆ ಪದವಿಯು 1923 ರಲ್ಲಿ ದೊರೆಯಿತು. ಚರಿತ್ರಕಾರರಾದ ರಾಮಚಂದ್ರ ಗುಹಾ ಅವರು 2002 ರಲ್ಲಿ ಈ ಕಥೆಯನ್ನು ವಿಸ್ತಾರವಾಗಿ ಬರೆಯುವವರೆಗೆ ಬಾಳೂ ಅವರನ್ನು ದೇಶವು ಹೆಚ್ಚುಕಡಮೆ ಮರೆತೇ ಇತ್ತು. ಕುಲವನ್ನು ಕೇಳಬಾರದೆಂಬ ಶರಣರ ಮಾತನ್ನು ನಿತ್ಯವೂ ಓದುವವರು ಆ ಮಣ್ಣಿನ ಪಾತ್ರೆಯ ವಿಚಾರವನ್ನು ಒಂದು ಗಳಿಗೆ ಯೋಚಿಸಬೇಕು.

ಇನ್ನು ಮಲ್ಲವಿದ್ಯೆಗೆ ಬರೋಣವಾಗಲಿ. ಕನ್ನಡನಾಡಿನಲ್ಲಿ ಈ ವಿದ್ಯೆಗೆ ಲಿಖಿತ ಪ್ರಮಾಣವು ಬಹಳ ಹಿಂದಿನಿಂದಲೂ ಉಂಟು. ಕಲ್ಯಾಣದ ಚಾಳುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಕ್ರಿ. ಶ. 1129 ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವೆಂಬ, ‘ಅಭಿಲಷಿತಾರ್ಥ ಚಿಂತಾಮಣಿ’ಯೆಂದೂ ಹೆಸರುಳ್ಳ ಸಂಸ್ಕೃತ ಗ್ರಂಥದಲ್ಲಿ ನೂರು ಅಧ್ಯಾಯಗಳಿದ್ದು, ಅವುಗಳಲ್ಲಿ ಇಪ್ಪತ್ತು ವಿನೋದಗಳಿಗೂ ಇಪ್ಪತ್ತು ಕ್ರೀಡೆಗಳಿಗೂ ಮೀಸಲಾಗಿವೆ. ಈ ಗ್ರಂಥದ ಮೊದಲ ಭಾಗವನ್ನು ಅರ್ಥಶಾಸ್ತ್ರವನ್ನು ಲೋಕಕ್ಕೆ ತೋರಿಸಿಕೊಟ್ಟ ಆರ್. ಶಾಮಶಾಸ್ತ್ರಿಗಳವರೇ ಪರಿಷ್ಕರಿಸಿ, 1926 ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಮುಖಾಂತರ ಪ್ರಕಟಪಡಿಸಿದರು. ಅದರ ಮಲ್ಲವಿನೋದದ ಪ್ರಕರಣದಲ್ಲಿ ಮಲ್ಲರನ್ನು ದೇಹ, ಬಲ, ವಯಸ್ಸುಗಳ ಮೇರೆಗೆ ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂದು ಮೂರು ತರಗತಿಗಳಾಗಿ ವಿಂಗಡಿಸಿದೆ. ಭಾರವನ್ನೆತ್ತುವ ಭಾರಶ್ರಮ, ನಡೆದು ಓಡುವ ಭ್ರಮಣಶ್ರಮ, ನೀರಿನಲ್ಲಿ ಈಸುವ ಸಲಿಲಶ್ರಮ, ತೋಳಿನ ಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಮುಂತಾಗಿ ಅಭ್ಯಾಸಕ್ರಮವನ್ನು ಹೇಳಿದೆ. ಮಲ್ಲರ ಆಹಾರವನ್ನೂ ರಾಜನು ಗೊತ್ತುಮಾಡುವನು.

ಜ್ಯೇಷ್ಠಿಯೆಂಬುದೇ ಜನರ ಬಾಯಲ್ಲಿ ಜಟ್ಟಿ, ಜೆಟ್ಟಿ ಎಂದಾಗಿದೆ. ಒಂಬತ್ತು ಶತಮಾನಗಳ ಹಿಂದಿನ ಶಾಸ್ತ್ರದ ಪದವೊಂದು, ಕೆಳಕ್ಕೆ ಬಿದ್ದರೂ ಮೀಸೆ ಮಣ್ಣಾಗದ ಜಟ್ಟಿಯ ಗಾದೆಯಾಗಿ ಅಜ್ಜಿಯರ ನಾಲಗೆಯ ಮೇಲೆ ಉಳಿದುಕೊಂಡಿರುವುದು ಸೋಜಿಗವೇ ಸರಿ. ಆದರೆ ಇಲ್ಲಿ ಒಂದು ವಿವೇಕ ಬೇಕು. ಗ್ರಂಥವನ್ನು ಬರೆದವನು ಚಕ್ರವರ್ತಿ. ಅವನಿಗೆ ಮಲ್ಲನು ವಿನೋದದ ಸಾಮಗ್ರಿ. ಅದೇ ಗ್ರಂಥದಲ್ಲಿ ಟಗರಿನ ಕಾಳಗ, ಕೋಳಿಯ ಕಾಳಗಗಳಿಗೂ ಒಂದೊಂದು ಅಧ್ಯಾಯವಿರುವುದನ್ನು ಮರೆಯಬಾರದು. ಕಾದಾಡಿದ ಮಲ್ಲನು ಏನನ್ನು ಯೋಚಿಸಿದನೆಂಬುದು ಅಲ್ಲಿಲ್ಲ.

ವಿಜಯನಗರಕ್ಕೆ ಬಂದ ಪೋರ್ಚುಗೀಸರ ಬರಹಗಳೂ ನೋಡಿದವರ ಬರಹಗಳೇ. 1520 ರ ಸುಮಾರಿಗೆ ಬಂದ ಪಾಯೆಸ್ ಎಂಬವನು, ಕೃಷ್ಣದೇವರಾಯನು ಬೆಳಗಿನ ಜಾವದಲ್ಲಿಯೇ ಎಳ್ಳೆಣ್ಣೆಯನ್ನು ಕುಡಿದು, ಅದೇ ಎಣ್ಣೆಯನ್ನು ಮೈಗೆ ಪೂಸಿಕೊಂಡು, ಭಾರವನ್ನೆತ್ತಿ, ಕತ್ತಿವರಸೆಯಾಡಿ, ತನ್ನ ಜಟ್ಟಿಯೊಬ್ಬನೊಡನೆ ಕುಸ್ತಿ ಮಾಡಿ, ಬಳಿಕ ಕುದುರೆಯನ್ನೇರುತ್ತಿದ್ದನೆಂದು ಬರೆದಿದ್ದಾನೆ. ಮಹಾನವಮಿಯ ಮಲ್ಲಯುದ್ಧದಲ್ಲಿ ಹಲ್ಲು ಮುರಿದು ಮುಖ ವಿಕಾರವಾಗುವಂತಹ ಪೆಟ್ಟುಗಳು ಬೀಳುತ್ತಿದ್ದುವೆಂದೂ ಅವನು ಹೇಳುವನು. ಕೆಲವು ವರ್ಷಗಳ ತರುವಾಯ ಬರೆದ ನೂನಿಜನು ಅರಮನೆಯ ಪರಿವಾರದಲ್ಲಿ ಕುಸ್ತಿಯಾಡುವ ಸ್ತ್ರೀಯರೂ ಇದ್ದರೆಂದು ಒಂದು ಮಾತು ಹೇಳಿ ಮುಂದಕ್ಕೆ ಹೋಗಿಬಿಡುತ್ತಾನೆ. ಆ ಒಂದು ಮಾತೇ ಬಹಳ ಬೆಲೆಯುಳ್ಳದ್ದು. ಗರಡಿಯು ಎಂದೆಂದಿಗೂ ಗಂಡಸರದೇ ಎಂಬ ವಾದಕ್ಕೆ ಅದೊಂದೇ ಸಾಕ್ಷ್ಯವು ಬಾಧಕವಾಗುವುದು.

1610 ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಉತ್ಸವವನ್ನು ಪ್ರಾರಂಭಿಸಿದಂದಿನಿಂದ ವಿಜಯನಗರದ ಆ ಸಂಪ್ರದಾಯವು ಮೈಸೂರು ಸಂಸ್ಥಾನಕ್ಕೆ ಬಂದಿತು. ಗೋವಿಂದ ವೈದ್ಯನು 1648 ರಲ್ಲಿ ಬರೆದ ‘ಕಂಠೀರವ ನರಸರಾಜ ವಿಜಯ’ದಲ್ಲಿ ಆ ಉತ್ಸವದ ವೈಭವವು ವರ್ಣಿತವಾಗಿದೆ. ಅನಂತರದ ಕಾಲದ ಎರಡು ಬರಹಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಚರಿತ್ರೆಯ ವ್ಯಾಸಂಗವೆಂದರೆ ಏನೆಂಬುದು ಸ್ಪಷ್ಟವಾಗುವುದು. ಮೊದಲನೆಯದು ಟೀಪುವಿನ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿಯದು. 1824 ರಲ್ಲಿ ಪ್ರಕಟವಾಯಿತು. ಎರಡನೆಯದು ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸರದು. 1810 ರಿಂದ 1817 ರವರೆಗೆ ಸಂಪುಟಗಳಾಗಿ ಹೊರಬಂದಿತು. ಇಬ್ಬರೂ ಜೆಟ್ಟಿಗಳ ವಜ್ರಮುಷ್ಟಿಯನ್ನು ವರ್ಣಿಸಿದ್ದಾರೆ. ಸ್ಕರಿಯ ಪ್ರಕಾರ ಬಲಗೈಯ ಬೆರಳ ಗೆಣ್ಣುಗಳ ಮೇಲೆ ಉಕ್ಕಿನ ನಾಲ್ಕು ಉಗುರುಗಳಿದ್ದುವು. ವಿಲ್ಕ್ಸರ ಪ್ರಕಾರ ಆಯುಧವು ಎಮ್ಮೆಯ ಕೋಡಿನದು; ಅದಕ್ಕೆ ನಾಲ್ಕು ಮೊನೆಗಳು, ಕಿರುಬೆರಳಿನ ಬದಿಯಲ್ಲಿ ಇನ್ನೂ ದೊಡ್ಡದಾದ ಐದನೆಯ ಮೊನೆಯೊಂದು. ಕೊರಳ ಹೂವನ್ನು ಪರಸ್ಪರ ಮುಖಕ್ಕೆ ಎಸೆದು ಕಾಳಗವನ್ನು ತೊಡಗುತ್ತಿದ್ದರೆಂಬುದು ಸ್ಕರಿಯ ಮಾತು.

ಇವರಲ್ಲಿ ಯಾರ ಮಾತು ಪ್ರಮಾಣ? ತರ್ಕಶಾಸ್ತ್ರವನ್ನು ಓದಿದವರಿಗೆ ಆಪ್ತವಾಕ್ಯದ ಲಕ್ಷಣವು ತಿಳಿದೇ ಇದೆ. ಸೆರೆಯಾಳು ಭಯದಿಂದ ನೋಡಿದವನು. ಸೆರೆಯಿಂದ ತಪ್ಪಿಸಿಕೊಂಡು ಬಹಳ ವರ್ಷಗಳಾದ ಮೇಲೆ ಅವನ ಪುಸ್ತಕವು ಬಂದಿತು. ರೆಸಿಡೆಂಟನು ಅಧಿಕಾರದ ಆಸನದಲ್ಲಿ ಕುಳಿತು ನೆಮ್ಮದಿಯಿಂದ ನೋಡಿದವನು. ವಿವರಗಳಲ್ಲಿ ಅವನನ್ನು ಹೆಚ್ಚು ನಂಬಬಹುದು. ಆದರೆ ಎರಡು ಬಗೆಯ ಆಯುಧಗಳೂ ಬೇರೆ ಬೇರೆ ಕಾಲಗಳಲ್ಲಿ ಇದ್ದಿರಬಾರದೇಕೆ? ಈ ಪ್ರಶ್ನೆಗೆ ಪುಸ್ತಕದಿಂದ ಮಾತ್ರ ಉತ್ತರ ಬಾರದು. ಜೆಟ್ಟಿಗಳ ಮನೆಗಳಲ್ಲಿ ಕೇಳಬೇಕು, ಉಳಿದಿರುವ ಆಯುಧಗಳನ್ನು ಕೈಯಲ್ಲಿ ಹಿಡಿದು ನೋಡಬೇಕು.

ಸ್ಕರಿಯ ಬರಹದಲ್ಲಿ ಇನ್ನೊಂದು ಸಂಗತಿಯೂ ಇದೆ. ಟೀಪುವಿನ ಆಳ್ವಿಕೆಯಲ್ಲಿ ಸೆರೆಯಾಳುಗಳ ಕತ್ತನ್ನು ತಿರುಚಿ ಕೊಲ್ಲುವ ಕೆಲಸವನ್ನು ಇದೇ ಜೆಟ್ಟಿಗಳಿಂದ ಮಾಡಿಸಲಾಗುತ್ತಿತ್ತೆಂದು ಅವನು ಬರೆದಿದ್ದಾನೆ. ದಸರೆಯ ಪರಂಪರೆಯನ್ನು ಕೊಂಡಾಡುವ ಲೇಖನಗಳಲ್ಲಿ ಈ ಮಾತು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಟೀಪುವನ್ನು ನಿಂದಿಸುವ ಲೇಖನಗಳಲ್ಲಿ ಇದೊಂದೇ ಕಾಣಿಸುತ್ತದೆ. ಎರಡೂ ಸರಿಯಲ್ಲ. ಅರಸನ ಅನ್ನವನ್ನುಂಡು ಬೆಳೆಸಿದ ಬಲವನ್ನು ಅರಸನು ಹೇಳಿದ ಕಡೆಗೆ ತಿರುಗಿಸಬೇಕಾಗಿತ್ತೆಂಬುದೇ ಅಲ್ಲಿರುವ ಸತ್ಯ. ಆಶ್ರಯವೆಂಬ ಮಾತನ್ನು ಹಗುರವಾಗಿ ಬಳಸುವವರು ಅದರ ಬೆಲೆಯನ್ನು ಯಾರು ತೆತ್ತರೆಂದೂ ಹೇಳಬೇಕು. ಕಹಿಯಾದ ಸಂಗತಿಯನ್ನು ಬಿಟ್ಟು ಬರೆದ ಚರಿತ್ರೆಯು ಸ್ತೋತ್ರವಾದೀತೇ ಹೊರತು ಚರಿತ್ರೆಯಾಗಲಾರದು.

ಹಾಗಾದರೆ ಮಲ್ಲರ ಸ್ವಂತದ ಮಾತು ಎಲ್ಲಿಯೂ ಇಲ್ಲವೇ ಎಂದರೆ, ಅಪರೂಪಕ್ಕೆ ಉಂಟು. ಗುಜರಾತಿನ ಮೊಢೇರದ ಜ್ಯೇಷ್ಠಿಮಲ್ಲರ ಸಂಬಂಧವಾದ ‘ಮಲ್ಲಪುರಾಣ’ವೆಂಬ ಸಂಸ್ಕೃತ ಗ್ರಂಥವು ಬಡೋದೆಯ ಗಾಯಕವಾಡ ಮಾಲೆಯಲ್ಲಿ 1964 ರಲ್ಲಿ ಅಚ್ಚಾಯಿತು. ಅದರಲ್ಲಿ ಆ ಕುಲದ ಉತ್ಪತ್ತಿಯ ಕಥೆಯೂ, ಕುಲದೇವಿಯಾದ ನಿಂಬಜೆಯ ಮಹಿಮೆಯೂ, ಋತುವಿಗೆ ತಕ್ಕ ಆಹಾರವೂ, ವ್ಯಾಯಾಮವೂ ನಿರೂಪಿತವಾಗಿವೆ. ಮೈಸೂರಿನ ಜೆಟ್ಟಿಗಳೂ ನಿಂಬಜಾದೇವಿಯನ್ನೇ ಪೂಜಿಸುವರು. ನೂರಾರು ಹರಿದಾರಿಗಳ ಅಂತರದಲ್ಲಿ ಒಂದೇ ದೇವಿ, ಒಂದೇ ವಿದ್ಯೆ, ಒಂದೇ ಕುಲನಾಮ. ರಾಜಾಶ್ರಯವನ್ನು ಅರಸುತ್ತ ಈ ಮನೆತನಗಳು ದಕ್ಷಿಣಕ್ಕೆ ಬಂದುವೆಂದು ಊಹಿಸುವುದಕ್ಕೆ ಇದಕ್ಕಿಂತ ಬಲವಾದ ಲಿಂಗವು ಬೇಕೆ? ಅನುಮಾನ ಪ್ರಮಾಣವು ಹೊಗೆಯನ್ನು ಕಂಡು ಬೆಂಕಿಯನ್ನು ಹೇಳುವುದಕ್ಕೆ ಮಾತ್ರ ಇರುವುದಲ್ಲ.

ವಜ್ರಮುಷ್ಟಿಯ ಕಾಳಗವು ಇಂದಿಗೂ ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ, ರಾಜವಂಶಸ್ಥರ ಸಮ್ಮುಖದಲ್ಲಿ ಜರಗುವುದು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜೆಟ್ಟಿಗಳು ತಲೆ ಬೋಳಿಸಿ ಜುಟ್ಟು ಉಳಿಸಿಕೊಂಡು, ಮಣ್ಣು ಬಳಿದ ಮೈಯಲ್ಲಿ ಕಣಕ್ಕಿಳಿಯುವರು. ಮೊದಲ ರಕ್ತಬಿಂದು ಕಂಡ ಕೂಡಲೇ ಹಿರಿಯರು ಅವರನ್ನು ಬಿಡಿಸುವರು. ಎಷ್ಟೋ ಬಾರಿ ಒಂದು ನಿಮಿಷವೂ ಹಿಡಿಯುವುದಿಲ್ಲ. ವರ್ಷವೆಲ್ಲ ಸಾಧನೆ, ಕ್ಷಣಮಾತ್ರದ ಪ್ರಯೋಗ! ಸ್ಕರಿಯ ಕಾಲದಲ್ಲಿ ರಕ್ತವು ಧಾರಾಳವಾಗಿ ಸುರಿಯುವವರೆಗೆ ನಡೆಯುತ್ತಿದ್ದ ಹೋರಾಟವು ಒಂದು ಹನಿಯ ವಿಧಿಯಾಗಿ ಹೇಗೆ, ಎಂದು, ಯಾರ ಅಪ್ಪಣೆಯಿಂದ ಮಾರ್ಪಟ್ಟಿತೆಂಬುದು ಮುಂದಿನ ವಿದ್ಯಾರ್ಥಿಗಳು ಕೈಗೊಳ್ಳಬೇಕಾದ ಉತ್ತಮವಾದ ಸಂಶೋಧನೆ.

ಅರಮನೆಯಿಂದ ಹೊರಕ್ಕೆ ಬಂದರೆ ಗರಡಿಮನೆಗಳು. ಮೈಸೂರು ನಗರದ ಮೊಹಲ್ಲಾಗಳಲ್ಲಿ ಇವು ಹೇರಳವಾಗಿದ್ದುವು. ಭೂತಪ್ಪನವರ ಗರಡಿ, ಹತ್ತು ಜನಗಳ ಗರಡಿ ಮುಂತಾದ ಹೆಸರುಗಳನ್ನು ಕೇಳದ ಮೈಸೂರಿಗರು ಕಡಮೆ. ಹತ್ತು ಜನರು ಯಾರು ಯಾರೆಂದು ಕೇಳಿದರೇ ಒಂದು ಪ್ರಬಂಧಕ್ಕೆ ಸಾಮಗ್ರಿ ದೊರಕುವುದು. ಬಾಗಿ ಒಳಹೋಗಬೇಕಾದ ತಗ್ಗು ಬಾಗಿಲು, ಒಳಗೆ ಹನುಮಂತನ ಮೂರ್ತಿ, ನಡುವೆ ಎಣ್ಣೆ, ಮಜ್ಜಿಗೆ, ಅರಿಸಿನ, ಕುಂಕುಮಗಳನ್ನು ಬೆರಸಿ ಹದಗೊಳಿಸಿದ ಕೆಮ್ಮಣ್ಣು. ಆ ಮಣ್ಣಿಗೆ ಮಟ್ಟಿಯೆಂದು ಹೆಸರು. ಮಟ್ಟಿಪೂಜೆಯಿಲ್ಲದೆ ಸಾಮು ಪ್ರಾರಂಭವಾಗದು. ಗದೆ, ಕಲ್ಲುಗುಂಡು, ದಂಡ, ಬಸ್ಕಿ ಇವೆಲ್ಲ ನಿತ್ಯದ ಸಾಧನೆಗಳು.

ಅಲ್ಲಿಯ ಮಾತುಗಳನ್ನು ಸ್ವಲ್ಪ ಕಿವಿಗೊಟ್ಟು ಕೇಳಬೇಕು. ಮಲ್ಲನೆಂಬುದು ಸಂಸ್ಕೃತ. ಜಟ್ಟಿಯೆಂಬುದು ತದ್ಭವ. ಪಟ್ಟು ಅಚ್ಚಗನ್ನಡ. ಕುಸ್ತಿ, ಪೈಲ್ವಾನ್, ವಸ್ತಾದ್ ಎಂಬ ಮೂರೂ ಪಾರಸಿಯಿಂದ ಬಂದುವು. ಉಸ್ತಾದನೇ ಮೈಸೂರಿನ ನಾಲಗೆಯಲ್ಲಿ ವಸ್ತಾದನಾದನು. ಗರಡಿಯೆಂಬುದರ ಹಳೆಯ ರೂಪವು ಗರುಡಿ. ಪೂರ್ವದಲ್ಲಿ ಅದು ಆಯುಧಾಭ್ಯಾಸದ ಶಾಲೆ. ಹೀಗೆ ಹನುಮಂತನ ಮುಂದೆ ಕೈಮುಗಿದ ಹುಡುಗನು ತನ್ನ ಗುರುವನ್ನು ಪಾರಸಿಯ ಮಾತಿನಿಂದ ಕರೆದು, ಕನ್ನಡದ ಪಟ್ಟನ್ನು ಕಲಿತು, ಸಂಸ್ಕೃತದ ಬಿರುದನ್ನು ಬಯಸುವನು. ಈ ನಗರದಲ್ಲಿ ಹಿಂದೂಗಳೂ ಮುಸಲ್ಮಾನರೂ ಒಂದೇ ಮಣ್ಣಿನಲ್ಲಿ ಹೊರಳಿ ಬೆಳೆದರೆಂಬುದಕ್ಕೆ ಬೇರೆ ಶಾಸನವು ಬೇಡ. ಆಡುವ ಮಾತೇ ಶಾಸನ. ಯಾರು ಯಾರಿಂದ ಕಲಿತರೆಂಬ ಗುರುಪರಂಪರೆಯನ್ನು ಗರಡಿಗಳಲ್ಲಿ ಬರೆದಿಟ್ಟಿದ್ದರೆ ಇನ್ನೂ ಎಷ್ಟು ತಿಳಿಯುತ್ತಿತ್ತೋ! ಜೋಸೆಫ್ ಆಲ್ಟರ್ ಎಂಬ ಅಮೆರಿಕದ ಪಂಡಿತರು ಕಾಶಿಯ ಅಖಾಡಗಳಲ್ಲಿದ್ದು, ಮಲ್ಲರ ಊಟ, ಬ್ರಹ್ಮಚರ್ಯ, ಭಕ್ತಿಗಳನ್ನು ಕುರಿತು 1992 ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಮೈಸೂರಿನ ಗರಡಿಗಳೂ ಅಂತಹ ಗ್ರಂಥಕ್ಕೆ ಯೋಗ್ಯವಾದುವೇ.

ಈ ವ್ಯಾಸಂಗವು ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಯೋಗಾಸನಗಳ ವಿವಾದವು ನಿದರ್ಶನ. ಮುಮ್ಮಡಿ ಕೃಷ್ಣರಾಜ ಒಡೆಯರವರು 1831 ರಲ್ಲಿ ಆಡಳಿತವು ಕೈತಪ್ಪಿದ ಮೇಲೆ ತಮ್ಮ ಬುದ್ಧಿಯನ್ನೆಲ್ಲ ವಿದ್ಯೆಗಳ ಕಡೆಗೂ ಆಟಗಳ ಕಡೆಗೂ ಹರಿಸಿದರು. ಚದುರಂಗದ ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದು ಸಲ ಮಾತ್ರ ಇಳಿಸುವ ಬಂಧಗಳನ್ನು ಸಾಧಿಸಿದರು. ಗಂಜೀಫಿನಲ್ಲಿ ಹೊಸ ಹೊಸ ಎಲೆಗಳನ್ನು ಕಲ್ಪಿಸಿದರು. ರಾಜ್ಯವಿಲ್ಲದ ರಾಜನಿಗೆ ಆಟದ ಹಲಗೆಯೇ ರಾಜ್ಯವಾಯಿತೆನ್ನಬಹುದು. ಅದರಲ್ಲಿ ಹಾಸ್ಯಕ್ಕಿಂತ ವಿಷಾದವೇ ಹೆಚ್ಚು. ಅವರ ಹೆಸರಿನ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ, ಹಗ್ಗವನ್ನು ಹಿಡಿದು ಮಾಡುವ ಆಸನಗಳೂ ಅವುಗಳಲ್ಲುಂಟು. 1896 ರಲ್ಲಿ ಬೆಂಗಳೂರಿನಲ್ಲಿ ‘ವ್ಯಾಯಾಮ ದೀಪಿಕೆ’ ಅಚ್ಚಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ 1933 ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆದ ತಿರುಮಲೆ ಕೃಷ್ಣಮಾಚಾರ್ಯರು ಮರುವರ್ಷವೇ ಕನ್ನಡದಲ್ಲಿ ‘ಯೋಗ ಮಕರಂದ’ವನ್ನು ಬರೆದರು. ಇವನ್ನೆಲ್ಲ ಜೋಡಿಸಿ ನೋಡಿದ ನಾರ್ಮನ್ ಸ್ಯೋಮನ್ ಎಂಬ ಪಂಡಿತರು 1996 ರಲ್ಲಿ, ಇಂದು ಲೋಕವೆಲ್ಲ ಅಭ್ಯಾಸಮಾಡುವ ಆಸನಕ್ರಮದಲ್ಲಿ ಅರಮನೆಯ ವ್ಯಾಯಾಮಶಾಲೆಯ, ಮಲ್ಲರ ಸಾಧನೆಯ ಅಂಶಗಳು ಸೇರಿವೆಯೆಂದು ಪ್ರತಿಪಾದಿಸಿದರು. ಕೆಲವರಿಗೆ ಇದು ಯೋಗಶಾಸ್ತ್ರಕ್ಕೆ ಅಪಚಾರವೆಂದು ತೋರಿತು. ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಗರಡಿಯ ಮಣ್ಣು ತಾಗಿದ ಮಾತ್ರಕ್ಕೆ ವಿದ್ಯೆಯು ಮೈಲಿಗೆಯಾಗುವುದೆಂಬ ಭಾವನೆಯು ಆ ಆಕ್ಷೇಪದ ಹಿಂದೆ ಅಡಗಿದ್ದರೆ, ಅದನ್ನು ಕಾಯಕವನ್ನೇ ಕೈಲಾಸವೆಂದ ಪರಂಪರೆಯವರು ಒಪ್ಪಲಾಗದು. ಬೆವರು ಸುರಿಸಿದವನಿಗೆ ಋಣಿಯಾಗುವುದರಲ್ಲಿ ಶಾಸ್ತ್ರಕ್ಕೆ ಕುಂದೇನು?

1971 ರಲ್ಲಿ ರಾಜಧನವು ರದ್ದಾಯಿತು. 1974 ರಲ್ಲಿ ಜಯಚಾಮರಾಜೇಂದ್ರ ಒಡೆಯರವರು ಕಾಲವಾದರು. ಅರಮನೆಯ ಅನ್ನವನ್ನು ನಂಬಿದ್ದ ವಿದ್ಯೆಗಳೆಲ್ಲ ಬೇರೆ ದಾರಿಗಳನ್ನು ಹುಡುಕಬೇಕಾಯಿತು. ದಸರೆಯ ಕುಸ್ತಿಯನ್ನು ಸರ್ಕಾರವು ದೊಡ್ಡಕೆರೆ ಮೈದಾನದಲ್ಲಿ ನಡೆಸಿಕೊಂಡು ಬಂದಿದೆ. ಅಲ್ಲಿ ಮಣ್ಣಿನ ನಾಡಕುಸ್ತಿಯೂ ಉಂಟು, ಮೆತ್ತೆಯ ಮೇಲಿನ ಪಾಯಿಂಟ್ ಕುಸ್ತಿಯೂ ಉಂಟು, ಹೆಣ್ಣುಮಕ್ಕಳ ಕುಸ್ತಿಯೂ ಉಂಟು. ನೂನಿಜನು ಒಂದು ಮಾತಿನಲ್ಲಿ ಮುಗಿಸಿದವರು ಈಗ ಕಣದ ನಡುವೆ ನಿಂತಿದ್ದಾರೆ. ಆದರೆ ಕೇರಿಯ ಗರಡಿಗಳಲ್ಲಿ ಎಷ್ಟೋ ಬಾಗಿಲು ಮುಚ್ಚಿವೆ. ಪಟ್ಟುಗಳ ಹೆಸರನ್ನೂ, ಉಳುಕಿಗೂ ಮೂಳೆಮುರಿತಕ್ಕೂ ಕೊಡುತ್ತಿದ್ದ ಔಷಧವನ್ನೂ, ಹಳೆಯ ಜೋಡಿಗಳ ಕಥೆಯನ್ನೂ ಬಲ್ಲ ವಸ್ತಾದರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ತಾಳೆಯೋಲೆಯನ್ನು ಗೆದ್ದಲು ತಿಂದರೆ ಮರುಗುವ ನಾಡು, ವೃದ್ಧನಾದ ವಸ್ತಾದನೊಬ್ಬನು ತೀರಿಕೊಂಡಾಗ ಒಂದು ಗ್ರಂಥಭಂಡಾರವೇ ಹೋಯಿತೆಂದು ತಿಳಿಯದಿರುವುದು ಶೋಚನೀಯ.

ಈ ಸಭೆಯ ಭಕ್ತರಿಂದ ಆಗಬಹುದಾದ ಕಾರ್ಯವೂ ಒಂದುಂಟು. ಹಳ್ಳಿಹಳ್ಳಿಯ ಮಠಗಳಲ್ಲಿ, ಪಟೇಲ ಶಾನುಭೋಗರ ಮನೆಗಳಲ್ಲಿ, ಜಾತ್ರೆಯ ಖರ್ಚುವೆಚ್ಚದ ಹಳೆಯ ಕಡತಗಳೂ ಲೆಕ್ಕದ ಪುಸ್ತಕಗಳೂ ಇರುವುವು. ಅಟ್ಟದ ಮೇಲಿನಿಂದ ಇಳಿಸಿದಾಗ ಅವನ್ನು ರದ್ದಿಯ ಅಂಗಡಿಗೆ ಕಳುಹಿಸುವ ಮುನ್ನ ಒಂದು ಬಾರಿ ತೆರೆದು ನೋಡಬೇಕು. ಎಣ್ಣೆ ದೀಪಕ್ಕೆ ಇಷ್ಟು, ದಾಸೋಹದ ಅಕ್ಕಿಗೆ ಇಷ್ಟು ಎಂದು ಬರೆದ ಸಾಲುಗಳ ನಡುವೆ, ಕುಸ್ತಿಯ ಕಣದ ಮಣ್ಣು ಹೊಡೆಸಿದ ಗಾಡಿಬಾಡಿಗೆ, ಗೆದ್ದವನಿಗೆ ಕೊಟ್ಟ ಬೆಳ್ಳಿಯ ಕಡಗ, ಸೋತವನಿಗೆ ಕೊಟ್ಟ ತೆಂಗಿನಕಾಯಿ, ಅವರ ಹೆಸರು, ಊರು, ಕೇರಿ ಇವು ದಾಖಲಾಗಿರಬಹುದು. ಅರಸರ ಗ್ರಂಥದಲ್ಲಿಯೂ ಪರದೇಶಿಯ ಪ್ರವಾಸಕಥನದಲ್ಲಿಯೂ ಹೆಸರಿಲ್ಲದೆ ಉಳಿದ ಜಟ್ಟಿಗೆ ಹೆಸರು ದೊರೆಯುವುದಾದರೆ ಅಂತಹ ಕಡತದ ಸಾಲಿನಲ್ಲಿಯೇ. ಅಂತಹ ಪುಸ್ತಕವು ಯಾರ ಮನೆಯಲ್ಲಾದರೂ ಇದ್ದರೆ ಮಠದ ಪುಸ್ತಕಭಂಡಾರಕ್ಕೆ ತಂದು ತೋರಿಸಬಹುದು. ನಕಲು ಮಾಡಿಕೊಂಡು ಮೂಲವನ್ನು ಮನೆಯವರಿಗೇ ಹಿಂದಿರುಗಿಸಿದರೆ ಸಾಕು.